ಬಾಗಿಲು ಮೊದಲು, ಗೋಡೆ ಆಮೇಲೆ

ಕಂಪ್ಲಿಯ ನಮ್ಮ ಮನೆಯಲ್ಲಿ ದಿನಾ ಸಂಜೆ ಒಂದು ಜಗಳ ಆಗಲೇಬೇಕಿತ್ತು. ಆಗದಿದ್ದರೆ ಯಾರಿಗೋ ಮೈ ಸರಿಯಿಲ್ಲ ಎಂದು ಅರ್ಥ. ದೀಪ ಹಚ್ಚುವ ಹೊತ್ತಿಗೆ ಅಜ್ಜಿ ದೇವರ ಕೋಣೆಯಿಂದ ಹೊರಬಂದು ಮೊದಲು ಹಿತ್ತಲ ಬಾಗಿಲಿಗೆ ಚಿಲಕ ಹಾಕಿಸುತ್ತಿದ್ದಳು. ಆಮೇಲೆ ಮುಂಬಾಗಿಲ ಎರಡೂ ಕದಗಳನ್ನು ಗೋಡೆಗೆ ತಾಗುವ ತನಕ ತೆರೆಸುತ್ತಿದ್ದಳು. ಅದು ಲಕ್ಷ್ಮಿ ಬರುವ ಹೊತ್ತು; ಮುಂದಿನಿಂದ ಬಂದವಳು ಹಿಂದಿನಿಂದ ಹೊರಟುಹೋಗಬಾರದು ಎಂಬುದು ಅಜ್ಜಿಯ ಕಟ್ಟುಪಾಡು. ಅಮ್ಮನಿಗೆ ಇದು ಸುತರಾಂ ಒಪ್ಪಿಗೆಯಿರಲಿಲ್ಲ. ಊರ ಸುತ್ತ ಭತ್ತದ ಗದ್ದೆ, ಗದ್ದೆ ತುಂಬ ಕಾಲುವೆ ನೀರು. ಆ ಹೊತ್ತಿಗೆ ನಮ್ಮ ಮನೆಗೆ ತಪ್ಪದೆ ಬರುತ್ತಿದ್ದವು ಸೊಳ್ಳೆಗಳು. ಅಮ್ಮ ಸೆರಗಿನಿಂದ ಬೀಸಿಕೊಳ್ಳುತ್ತ ಕದದ ಹತ್ತಿರ ಹೋಗುವುದು, ಅಜ್ಜಿ ಕೂತ ಮಣೆಯಿಂದಲೇ ತಡೆಯುವುದು ನಿತ್ಯದ ಸಂಗತಿ.

"ಅತ್ತೀ, ಒಂದ್ ಕದಾನಾದ್ರೂ ಹಾಕ್ಲೇನ್ರಿ? ಹುಡುಗಿ ಕಾಲು ನೋಡ್ರಿ, ಕಡ್ದು ಕಡ್ದು ಹೆಂಗಾಗ್ಯಾವ."

"ಅರ್ಧಾ ಬಾಗ್ಲಾಗ ತೂರ್ಕೊಂಡು ಬರಾಕ ಆಕಿ ಏನ್ ಬೆಕ್ಕೇನು? ಪೂರಾ ತಗಿ."

ಅಮ್ಮ ಪೂರಾ ತೆಗೆಯುತ್ತಿದ್ದಳು. ತೆಗೆದು ಒಳಗೆ ಹೋಗಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಡುತ್ತಿದ್ದಳು. ಆ ಸದ್ದಿನಲ್ಲೇ ನಮಗೆ ರಾತ್ರಿ ಊಟ ತಡವಾಗುತ್ತದೆಯೋ ಜಲ್ದಿ ಆಗುತ್ತದೆಯೋ ಗೊತ್ತಾಗುತ್ತಿತ್ತು.

ಮನೆ ಹಳೆಯದು. ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಮಾಳಿಗೆಯಲ್ಲಿ ಹೊಗೆ ಹೋಗಲು ಬೆಳಕಿಂಡಿ. ಅಪ್ಪನದು ಸಣ್ಣ ಅಕ್ಕಿ ಮಿಲ್ಲು. ಎರಡು ಓಣಿ ಆಚೆ ಇದ್ದರೂ ಅದರ ತೌಡಿನ ಧೂಳು ನಮ್ಮ ದಿಂಬಿನ ತನಕ ಬರುತ್ತಿತ್ತು. ಆ ಮನೆಯಲ್ಲಿ ಎಲ್ಲದಕ್ಕೂ ಒಬ್ಬೊಬ್ಬ ಯಜಮಾನರು. ಪಡಸಾಲೆಯ ಕುರ್ಚಿ ಅಪ್ಪನದು, ದೇವರ ಕೋಣೆ ಅಜ್ಜಿಯದು, ಒಲೆ ಅಮ್ಮನದು, ಮಾಳಿಗೆ ಏರುವ ಮೆಟ್ಟಿಲ ಕೆಳಗಿನ ಜಾಗ ಬಸು ಕಾಕಾನ ಟ್ರಂಕಿನದು. ನಾನು ಒಬ್ಬಳೇ ಮಗಳು, ಆದರೆ ನನ್ನದು ಎಂದು ಹೇಳಲು ಒಂದು ಮೂಲೆಯೂ ಇರಲಿಲ್ಲ. ಚಾಪೆ ಎಲ್ಲಿ ಹಾಸಿದರೋ ಅಲ್ಲಿ ಮಲಗಬೇಕು. ಒಮ್ಮೆ ನಾನು ಬರೆದ ಚಿತ್ರವೊಂದನ್ನು ತೂಗುಹಾಕಲು ಗೋಡೆಗೆ ಮೊಳೆ ಹೊಡೆಯುತ್ತಿದ್ದೆ. ಅಜ್ಜಿ ಸುತ್ತಿಗೆ ಕಸಿದುಕೊಂಡಳು.

"ನಿನ್ನ ಮನಿಗೆ ಹೋದ್ ಮ್ಯಾಲ ಎಷ್ಟ್ ಬೇಕಾದ್ರೂ ಮಳಿ ಹೊಡ್ಕೋ ನೀಲಾ."

"ಇದು ನನ್ನ ಮನಿ ಅಲ್ಲೇನು?"

"ಇದು ನಿಮ್ಮಪ್ಪಂದು. ಕೊಟ್ಟ ಮನಿ ನಿಂದು."

ನನಗೆ ಸಿಟ್ಟು ಬಂದರೆ ಕಿವಿ ಬಿಸಿಯಾಗುತ್ತದೆ, ಈಗಲೂ. ಆವತ್ತು ಕಿವಿ ಸುಟ್ಟುಹೋದವು. ಕೊಟ್ಟ ಮನೆ ಎಂದರೆ ಎಲ್ಲಿದೆ, ಯಾವ ಓಣಿಯಲ್ಲಿದೆ, ಅದಕ್ಕೆ ಗೋಡೆಗಳಾದರೂ ಇವೆಯೋ ಇಲ್ಲವೋ ಎಂದು ಕೇಳಿದೆ. ಅಜ್ಜಿ ನಕ್ಕುಬಿಟ್ಟಳು. ಅವಳು ಸಂಡೂರಿನಿಂದ ಮದುವೆಯಾಗಿ ಬಂದವಳು. ಮೊಮ್ಮಗಳಿಗೆ ಏಳನೇ ಕ್ಲಾಸ್ ಮುಗಿಯುವಷ್ಟು ಕಾಲ ಈ ಊರಲ್ಲಿ ಕಳೆದರೂ ಓಣಿಯವರಿಗೆ ಅವಳಿನ್ನೂ ಸಂಡೂರಾಕಿಯೇ. ತೀರಿಹೋಗಿ ಎಷ್ಟೋ ಕಾಲವಾಗಿದ್ದ ಅಜ್ಜನ ಹೆಸರು ಹಿಡಿದೇ ಅವಳು ಮನೆಯ ಮಾತಾಡುತ್ತಿದ್ದಳು: ನಿಮ್ಮಜ್ಜನ ಮನಿ, ನಿಮ್ಮಜ್ಜನ ಬಾವಿ, ನಿಮ್ಮಜ್ಜನ ಮಂಚ. ಆಗ ಅದು ನನ್ನ ಗಮನಕ್ಕೆ ಬಂದಿರಲಿಲ್ಲ.

ಏಳನೇ ಕ್ಲಾಸಿನ ಆ ಬೇಸಿಗೆ ರಜೆಯಲ್ಲಿ ಬಸು ಕಾಕಾ ಕಂಪ್ಯೂಟರ್ ತಂದ. ಕಾಕಾ ಎಂದರೆ ಅಪ್ಪನ ತಮ್ಮ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಯಾವ ಹೊತ್ತಿಗೆ ಬರುತ್ತಾನೆ, ಯಾವ ಹೊತ್ತಿಗೆ ಹೋಗುತ್ತಾನೆ ಎಂದು ಅಮ್ಮನಿಗೆ ಮಾತ್ರ ಗೊತ್ತಿರುತ್ತಿತ್ತು, ಅದೂ ಬುತ್ತಿ ಕಟ್ಟಬೇಕಾದ ಕಾರಣಕ್ಕೆ. ಕಾರ್ಖಾನೆ ಪಕ್ಕದ ವಡ್ಡು ಎಂಬ ಊರಿನ ಗೆಳೆಯನೊಬ್ಬ ಹೊಸದು ಕೊಂಡಿದ್ದರಿಂದ ಹಳೆಯದನ್ನು ಇವನಿಗೆ ಕೊಟ್ಟಿದ್ದ. ಕಾಕಾ ಅದನ್ನು ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ. ಪಡಸಾಲೆಯಲ್ಲಿ ಅಕ್ಕಿ ಸ್ಯಾಂಪಲ್ ಡಬ್ಬಿಗಳನ್ನು ಒತ್ತರಿಸಿ ಮೇಜಿನ ಮೇಲಿಟ್ಟು, ವೈರು ಜೋಡಿಸಿ, ಒಂದು ಆಟ ಹಾಕಿಕೊಟ್ಟ.

ಅದನ್ನು ಹೇಗೆ ಹೇಳಲಿ. ಪರದೆಯ ಮೇಲೆ ಒಂದು ಇಡೀ ಲೋಕ ತೆರೆದುಕೊಂಡಿತು. ಎಲ್ಲವೂ ಚೌಕ. ಗಿಡದ ಎಲೆ ಚೌಕ, ಮೋಡ ಚೌಕ, ಹಸುವಿನ ಮೂತಿ ಚೌಕ, ಸೂರ್ಯನೂ ಬರ್ಫಿಯ ಹಾಗೆ ಚೌಕ. ಗುಡ್ಡ, ಹೊಳೆ, ಮರಳು ಎಲ್ಲವನ್ನೂ ಇಟ್ಟಿಗೆಯಂಥ ಚೌಕ ಗಟ್ಟಿಗಳಾಗಿ ಕಿತ್ತುಕೊಳ್ಳಬಹುದು, ಕಿತ್ತದ್ದನ್ನು ಬೇಕಾದಲ್ಲಿ ಇಡಬಹುದು. ಇಟ್ಟ ಗಟ್ಟಿ ಇಟ್ಟಲ್ಲೇ ಇರುತ್ತಿತ್ತು, ಯಾರೂ ಬಂದು ಸುತ್ತಿಗೆ ಕಸಿಯುತ್ತಿರಲಿಲ್ಲ. ನನ್ನ ಎದೆ ಹೊಡೆದುಕೊಂಡ ರೀತಿ ಇವತ್ತಿಗೂ ನೆನಪಿದೆ. ಕಾಕಾನಿಗೆ ಕೇಳಿಸೀತೆಂದು ಎದೆಗೆ ದುಪಟ್ಟಾ ಎಳೆದುಕೊಂಡಿದ್ದೆ.

"ಗೆಲ್ಲೋದು ಸೋಲೋದು ಇದ್ರಾಗ ಇಲ್ಲ," ಎಂದ ಕಾಕಾ. "ಮೊದಲ್ನೇ ದಿನ ಉಳಿಬೇಕು. ಹೊತ್ತು ಮುಳುಗೂದ್ರಾಗ ಮನಿ ಕಟ್ಕೋಬೇಕು. ಕತ್ತಲಾದ ಮ್ಯಾಲ ಕೆಟ್ಟವ್ರು ಬರ್ತಾರ. ಬೆಳಕಾಗೋ ತನ ಜೀವ ಹಿಡ್ಕೊಂಡ್ರ ಮುಂದಿಂದೆಲ್ಲಾ ಆರಾಮ."

ಅಲ್ಲಿಯ ಒಂದು ಹಗಲು ನಮ್ಮಲ್ಲಿ ಚಹಾ ಕಾಸಿ ಎಲ್ಲರಿಗೂ ಕೊಟ್ಟು ಲೋಟ ತೊಳೆದಿಡುವಷ್ಟು ಹೊತ್ತು. ಅಷ್ಟರಲ್ಲಿ ಮರ ಕಡಿದು, ಹಲಗೆ ಮಾಡಿ, ಗುದ್ದಲಿ ಮಾಡಿ, ಕಲ್ಲು ಕಿತ್ತು, ಗೋಡೆ ಎಬ್ಬಿಸಬೇಕು. ನಾನು ಸತ್ತೆ. ಮತ್ತೆ ಹುಟ್ಟಿ ಮತ್ತೆ ಸತ್ತೆ. ಹೊಳೆಯಲ್ಲಿ ಮುಳುಗಿ ಸತ್ತೆ, ಗುಡ್ಡದಿಂದ ಬಿದ್ದು ಸತ್ತೆ, ಕತ್ತಲಲ್ಲಿ ಹಸಿರು ಮುಖದವನೊಬ್ಬ ಕೈ ಚಾಚಿಕೊಂಡು ಬಂದು ಹೊಡೆದು ಸಾಯಿಸಿದ. ಸತ್ತಾಗಲೆಲ್ಲ ನಗು ಬರುತ್ತಿತ್ತು. ರೊಟ್ಟಿ ತಿನ್ನಲು ಕರೆದರೆ ಕೇಳಿಸುತ್ತಿರಲಿಲ್ಲ.

ಅಪ್ಪನಿಗೆ ಗೊತ್ತಾಯಿತು. ಅಪ್ಪ ಅಕ್ಕಿಕಾಳನ್ನು ಹಲ್ಲಲ್ಲಿ ಕಡಿದು ನೋಡದೆ ಚೀಲಕ್ಕೆ ಕೈ ಹಾಕದ ಮನುಷ್ಯ. ಯಾವುದನ್ನೂ ಕೇಳಿ ನಂಬುವವನಲ್ಲ. ಮಿಲ್ಲಿನಿಂದ ಬಂದವನು ಚಪ್ಪಲಿ ಬಿಡದೆ ಮೇಜಿನ ಮುಂದೆ ನಿಂತ.

"ಏನಿದು ಬಸ್ಯಾ?"

"ಕಂಪ್ಯೂಟರ್ ಅಣ್ಣ."

"ಅದು ಕಾಣ್ತೈತಿ. ನಮ್ಮ ಮನ್ಯಾಗ ಯಾಕೈತಿ?"

"ನೀಲಾಗ ತಂದೀನಿ. ಮುಂದ ಹೈಸ್ಕೂಲಿಗೆ ಹೋಗ್ತಾಳ, ಕಲೀಲಿ ಅಂತ."

"ಆಕಿ ಕಲ್ಯಾಕತ್ತಿಲ್ಲ. ಗಿಡಕ್ಕ ಗುದ್ದಾಕತ್ಯಾಳ. ಕಿಡಕ್ಯಾಗಿಂದ ನೋಡೀನಿ. ನಾಳಿ ವಾಪಸ್ ಒಯ್ದುಬಿಡು."

ನನಗೆ ಅಳು ಬರಲಿಲ್ಲ, ಮಾತು ಬಂತು. ಗುದ್ದುವುದೇ ಕಲಿಯುವುದು, ಗುದ್ದಿದರೆ ಮರ ಸಿಗುತ್ತದೆ, ಮರದಿಂದ ಮನೆ ಆಗುತ್ತದೆ, ಒಂದು ದಿನ ಬದುಕಿ ಉಳಿಯುವುದು ಎಷ್ಟು ಕಷ್ಟ ಗೊತ್ತಾ ಎಂದು ಒಂದೇ ಉಸಿರಿಗೆ ಹೇಳಿದೆ. ಅಪ್ಪ ಪೂರ್ತಿ ಕೇಳಿದ. ಕೇಳಿ ಒಂದೇ ಪ್ರಶ್ನೆ ಹಾಕಿದ.

"ಎಷ್ಟ್ ಸರ್ತಿ ಸತ್ತಿ?"

"ಭಾಳ ಸರ್ತಿ."

"ಸತ್ತು ಸತ್ತು ಎದ್ದು ಬರೋದು ಬದುಕಲ್ಲ, ಚ್ಯಾಷ್ಟಿ. ಒಂದ ಸರ್ತಿ ಆಡಿ ತೋರ್ಸು. ನಾಡಿದ್ದು ಅಮಾಸಿ, ಮಿಲ್ಲು ಬಂದ್ ಇರ್ತೈತಿ, ನಾನೂ ನೋಡ್ತೀನಿ. ಸತ್ರ ಮುಗೀತು, ಪೆಟ್ಟಿಗಿ ವಡ್ಡಿಗೆ ಹೋತು. ಉಳದ್ರ ಮನ್ಯಾಗ ಇರ್ಲಿ."

ಅಂಥದ್ದೊಂದು ಆಟವೂ ಅದರಲ್ಲೇ ಇದೆ ಎಂದು ಕಾಕಾ ತಲೆ ಕೆರೆದುಕೊಂಡ. ಒಮ್ಮೆ ಸತ್ತರೆ ಆ ಲೋಕವೇ ಅಳಿಸಿಹೋಗುತ್ತದೆ, ಎರಡನೇ ಅವಕಾಶವಿಲ್ಲ, ಕೆಟ್ಟವರೂ ಹೆಚ್ಚು ಗಟ್ಟಿ. ಅಪ್ಪನಿಗೆ ಅದೇ ಬೇಕಾಗಿತ್ತು.

ಅಲ್ಲಿಯ ತನಕ ನಾನು ಮನೆಯಲ್ಲಿ ಇದ್ದೂ ಇರಲಿಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಮನಸ್ಸಿನಲ್ಲೇ ಗೋಡೆ ಕಟ್ಟುತ್ತಿದ್ದೆ. ಕಂಪ್ಯೂಟರ್ ಹೋದರೆ ಏನಾಗುತ್ತದೆ ಎಂದು ಯೋಚಿಸುತ್ತ ಆರಿಸಿದ ಕಲ್ಲನ್ನೇ ಮತ್ತೆ ಅಕ್ಕಿಗೆ ಹಾಕಿಬಿಡುತ್ತಿದ್ದೆ. ನಾನು ಹೇಳಿದ ಕಡೆ ಒಂದು ಕಲ್ಲು ಕೂರುವ ಜಾಗ ಇಡೀ ಜಗತ್ತಿನಲ್ಲಿ ಅದೊಂದೇ ಇತ್ತು. ಅದು ಗೋಣಿಚೀಲದಲ್ಲಿ ಸುತ್ತಿಕೊಂಡು ಬಸ್ಸು ಹತ್ತಿಬಿಟ್ಟರೆ ಮತ್ತೆ ಅದೇ ಚಾಪೆ, ಅದೇ ಕೊಟ್ಟ ಮನೆಯ ಮಾತು.

ಅಮಾವಾಸ್ಯೆ ಬಂತು. ಬೆಳಿಗ್ಗೆ ಮಿಲ್ಲಿನ ಯಂತ್ರಕ್ಕೆ ಪೂಜೆ ಮಾಡಿ ಕಾಯಿ ಒಡೆದಾಯಿತು. ಮಧ್ಯಾಹ್ನ ಹೋಳಿಗೆ, ಕಟ್ಟಿನ ಸಾರು. ನಾನು ಒಂದು ಹೋಳಿಗೆಯನ್ನೂ ಮುಗಿಸಲಿಲ್ಲ, ಅಮ್ಮ ಹಣೆ ಮುಟ್ಟಿ ನೋಡಿದಳು. ಅಪ್ಪ ಉಂಡು ಮಲಗಿದವನು ಏಳುವುದಕ್ಕೇ ಇಳಿಹೊತ್ತಾಯಿತು. ಎದ್ದು ಮುಖ ತೊಳೆದು ತನ್ನ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡು ಕೂತ. ಅಮ್ಮ ಅಡುಗೆಮನೆ ಹೊಸ್ತಿಲಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕೂತಳು. ಅಜ್ಜಿ ತನ್ನ ಮಣೆ ತಂದು ನನ್ನ ಬಲಕ್ಕೇ ಹಾಕಿಕೊಂಡಳು. ಕಾಕಾ ಹಿಂದೆ ನಿಂತ. ನಾನು ಮೌಸ್ ಹಿಡಿದೆ.

ಹೊಸ ಲೋಕ ಹುಟ್ಟಿತು. ಹುಲ್ಲುಗಾವಲು, ಹಿಂದೆ ಗುಡ್ಡ, ಪಕ್ಕದಲ್ಲಿ ಹೊಳೆ. ಸೂರ್ಯ ಆಗತಾನೇ ಮೇಲೆ ಬಂದಿದ್ದ. ನಾನು ಓಡಿಹೋಗಿ ಮೊದಲ ಮರಕ್ಕೆ ಗುದ್ದಲು ಶುರು ಮಾಡಿದೆ.

"ಬರೇ ಕೈಲೆ ಕಡೀತಾಳಲ್ಲೋ. ಒಂದ್ ಕೊಡ್ಲಿ ಕೊಡಬಾರ್ದೇನು ಹುಡುಗಿಗೆ?" ಎಂದಳು ಅಜ್ಜಿ.

"ಕೊಡ್ಲಿ ಆಕೀನ ಮಾಡ್ಕೋಬೇಕು ಯವ್ವಾ. ಅದ ಆಟ."

ಬುಡದ ಗಟ್ಟಿ ಕಿತ್ತು ಬಂತು. ಮೇಲಿನ ಮರ ಗಾಳಿಯಲ್ಲಿ ಹಾಗೇ ನಿಂತಿತು. ಅಪ್ಪ ಕುರ್ಚಿಯಲ್ಲಿ ಮುಂದೆ ಬಾಗಿ, ಬುಡ ಕಡಿದರೂ ಬೀಳದ ಮರ ಎಲ್ಲಾದರೂ ಉಂಟಾ ಎಂದು ಕಾಕಾನ ಮುಖ ನೋಡಿದ. ಅಮ್ಮನಿಗೆ ಆ ತಕರಾರು ಇರಲಿಲ್ಲ. ಅರ್ಧ ಕಡಿದು ಬಿಟ್ಟು ಹೋಗಬೇಡ, ಪೂರ್ತಿ ಮಾಡು ಎಂದಳು. ಪೂರ್ತಿ ಮಾಡಿದೆ. ಸ್ವಲ್ಪ ಹೊತ್ತಿಗೆ ಎಲೆಗಳೆಲ್ಲ ತಾವಾಗಿ ಉದುರಿ, ಎರಡು ಸೇಬುಹಣ್ಣು ಹುಲ್ಲಿಗೆ ಬಿದ್ದವು. ಎಷ್ಟು ಖುಷಿಯಾಯಿತೆಂದರೆ ಅಮ್ಮನ ಕಡೆ ತಿರುಗಿ ನೋಡಿಬಿಟ್ಟೆ. ಅಮ್ಮ ಬೆಳ್ಳುಳ್ಳಿಯ ಕಡೆ ನೋಡುತ್ತ ನಗುತ್ತಿದ್ದಳು.

ಹಲಗೆ ಆಯಿತು, ಕೆಲಸದ ಮೇಜು ಆಯಿತು, ಮರದ ಗುದ್ದಲಿ ಆಯಿತು. ಅಷ್ಟರಲ್ಲಿ ಕುರಿಗಳು ಬಂದವು. ಕಾಕಾ ಹಿಂದಿನಿಂದ ಭುಜ ತಟ್ಟಿದ. ಮೂರು ಕುರಿ ಹೊಡೆದು ಉಣ್ಣೆ ತಗೊಂಡರೆ ಹಾಸಿಗೆ ಆಗುತ್ತದೆ, ಹಾಸಿಗೆಯಲ್ಲಿ ಮಲಗಿದರೆ ರಾತ್ರಿ ಕಣ್ಣು ಮುಚ್ಚಿ ತೆರೆಯುವುದರಲ್ಲಿ ಕಳೆಯುತ್ತದೆ ಎಂದು ಅವನೇ ನನಗೆ ಕಲಿಸಿದ್ದ. ನಾನು ಕುರಿಯ ಹಿಂದೆ ಓಡಿದೆ. ಅಜ್ಜಿಯ ಕೈ ನನ್ನ ಮಣಿಕಟ್ಟಿನ ಮೇಲೆ ಬಿತ್ತು.

"ಏನ್ ಮಾಡಾಕತ್ತಿ?"

"ಉಣ್ಣಿ ಬೇಕಜ್ಜಿ, ಹಾಸ್ಗಿಗೆ."

"ಲಿಂಗ ಕಟ್ಗೊಂಡ ಮನಿ ಇದು. ಅದೂ ಅಮಾಸಿ ದಿನ. ಕುರಿಗೆ ಕೈ ಮಾಡಿದ್ರ ನೋಡು. ನೆಲದ ಮ್ಯಾಲ ಮಲ್ಕೋ."

"ಆ ಊರಾಗ ನೆಲದ ಮ್ಯಾಲ ನಿದ್ದಿ ಬರಂಗಿಲ್ಲ ಯವ್ವಾ," ಎಂದ ಕಾಕಾ.

"ಬರ್ದಿದ್ರ ಎದ್ದು ಕುಂದ್ರಲಿ. ಜಾಗರಣಿ ಮಾಡಿಲ್ಲೇನು ನಾವು?"

ಕುರಿಗಳು ಮೇಯುತ್ತ ಹೋದವು. ಹಾಸಿಗೆ ಇಲ್ಲ ಎಂದರೆ ಇಡೀ ರಾತ್ರಿಯನ್ನು ಕಣ್ಣು ತೆರೆದೇ ಕಳೆಯಬೇಕು. ಕಾಕಾನ ಮುಖ ಸಪ್ಪಗಾಯಿತು. ನನಗೆ ಮಾತ್ರ ಇನ್ನಷ್ಟು ಹುರುಪು ಬಂತು. ಯಾಕೆ ಎಂದು ಕೇಳಿದರೆ ಇವತ್ತಿಗೂ ಹೇಳಲಾರೆ.

ಹೊಳೆಯ ದಂಡೆಯಲ್ಲಿ ಸಮನಾದ ಜಾಗವಿತ್ತು. ಅಲ್ಲೇ ಕಟ್ಟೋಣ ಎಂದು ನಿಂತೆ. ಇಷ್ಟು ಹೊತ್ತು ಪರೀಕ್ಷೆ ಮಾಡುವವನಂತೆ ಕೂತಿದ್ದ ಅಪ್ಪ ಒಮ್ಮೆಲೇ ಆಟದೊಳಗೆ ಬಂದುಬಿಟ್ಟ. ಡ್ಯಾಂ ಗೇಟು ತೆಗೆದಾಗಲೆಲ್ಲ ಊರ ಸೇತುವೆ ಮುಳುಗುವುದನ್ನು ನೋಡಿ ಬೆಳೆದವನು ಅವನು.

"ಅಲ್ಲಿ ಬ್ಯಾಡ. ನೀರು ಬಿಟ್ರ ಮುಳುಗ್ತೈತಿ. ಎತ್ತರಕ್ಕ ಹೋಗು."

"ಅಣ್ಣ, ಅಲ್ಲಿ ಡ್ಯಾಮ ಇಲ್ಲ."

"ಡ್ಯಾಮ ಇಲ್ಲಂದ್ರ ಇನ್ನೂ ಕೆಟ್ಟದ್ದು. ಹಿಡಿಯೋರ್ಯಾರು ನೀರ್ನ? ಗುಡ್ಡ ಹತ್ತು ನೀಲಾ."

ಗುಡ್ಡ ಹತ್ತಿದೆ. ಹತ್ತುವಷ್ಟರಲ್ಲಿ ಸೂರ್ಯ ನೆತ್ತಿ ದಾಟಿದ್ದ. ಕಾಕಾ ಹೊತ್ತಾಯಿತು, ಹೊತ್ತಾಯಿತು ಎಂದು ಕಿವಿಯಲ್ಲಿ ಗೊಣಗುತ್ತಿದ್ದ. ಗುಡ್ಡದ ಮೇಲೆ ಕಲ್ಲು ಬೇಕಾದಷ್ಟು ಸಿಕ್ಕಿತು. ಕಲ್ಲಿನ ಗುದ್ದಲಿ, ಕಲ್ಲಿನ ಕತ್ತಿ, ಒಂದು ಒಲೆ. ಕಲ್ಲಿದ್ದಲು ಮಾತ್ರ ಕಣ್ಣಿಗೆ ಬೀಳಲಿಲ್ಲ. ಅದಿಲ್ಲದೆ ಪಂಜು ಆಗುವುದಿಲ್ಲ, ಕತ್ತಲಲ್ಲೇ ಕೂರಬೇಕು ಎಂದು ಕಾಕಾ ಕೈಚೆಲ್ಲಿದ. ಅಮ್ಮ ಬೆಳ್ಳುಳ್ಳಿ ಬುಟ್ಟಿ ಬದಿಗಿಟ್ಟಳು.

"ಒಲಿ ಐತಿ, ಕಟ್ಗಿ ಐತಿ. ಕಟ್ಗಿ ಸುಟ್ರ ಇದ್ಲಿ ಆಗಂಗಿಲ್ಲೇನು?"

ಕಾಕಾನಿಗೆ ಅದು ಹೊಳೆದಿರಲೇ ಇಲ್ಲ. ಒಲೆಗೆ ಮರದ ತುಂಡು ಹಾಕಿದೆ. ಇದ್ದಿಲು ಆಯಿತು, ಇದ್ದಿಲಿನಿಂದ ಪಂಜು ಆಯಿತು. ಅಮ್ಮ ಎದ್ದು ಬಂದು ಅಪ್ಪನ ಕುರ್ಚಿಯ ಹಿಂದೆ ನಿಂತಳು. ನಾನು ನಾಲ್ಕು ಗೋಡೆ ಎಬ್ಬಿಸಲು ಮೊದಲ ಕಲ್ಲು ಇಟ್ಟೆ. ಇಟ್ಟದ್ದೇ ತಡ, ಅಜ್ಜಿ ಮಣೆಯಿಂದ ಅರ್ಧ ಎದ್ದಳು.

"ಬಾಗ್ಲಾ ಎಲ್ಲೈತಿ? ಬಾಗ್ಲಾ ಕೂಡ್ಸದ ಗ್ವಾಡಿ ಎಬ್ಬಸ್ತಾರೇನು ಯಾರಾದ್ರೂ?"

ನಮ್ಮ ಕಡೆ ಮನೆ ಕಟ್ಟುವ ರೀತಿ ಹಾಗೆ. ಬುನಾದಿ ಆದ ಮೇಲೆ ಮೊದಲು ಬಾಗಿಲ ಚೌಕಟ್ಟು ನಿಲ್ಲಿಸಿ, ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಆಮೇಲೆ ಗೋಡೆ. ನನಗೂ ಅದು ಸರಿ ಎನಿಸಿತು ನೋಡಿ, ಅಷ್ಟು ಅವಸರದಲ್ಲೂ. ಹಲಗೆಗಳಿಂದ ಬಾಗಿಲು ಮಾಡಿದೆ. ಯಾವ ದಿಕ್ಕಿಗೆ ಎಂಬ ಪ್ರಶ್ನೆ ಬಂತು. ಸೂರ್ಯ ಹುಟ್ಟಿದ್ದು ಹೊಳೆಯ ಕಡೆ ಎಂದು ಅಪ್ಪ, ಅಲ್ಲ ಒಂಟಿ ಮರದ ಕಡೆ ಎಂದು ಅಮ್ಮ. ಮುಳುಗುವ ಸೂರ್ಯನಿಗೆ ಬೆನ್ನು ಮಾಡಿ ನಿಲ್ಲು, ಎದುರಿಗೆ ಇರುವುದೇ ಮೂಡಣ ಎಂದು ಅಜ್ಜಿ ತೀರ್ಪು ಕೊಟ್ಟಳು. ಬಟಾಬಯಲಿನಲ್ಲಿ, ಗುಡ್ಡದ ತುದಿಯಲ್ಲಿ, ಆಚೆಯೂ ಇಲ್ಲ ಈಚೆಯೂ ಇಲ್ಲ, ಬಾಗಿಲೊಂದೇ ನಿಂತಿತು. ಅಜ್ಜಿ ಒಳಗೆ ಹೋಗಿ ಬೆರಳಲ್ಲಿ ಕುಂಕುಮ ತಂದು ಪರದೆಯ ಗಾಜಿಗೇ ಹಚ್ಚಿಬಿಟ್ಟಳು, ಸರಿಯಾಗಿ ಬಾಗಿಲ ಮೇಲೆ. ನಾನು ಆಟದಲ್ಲಿ ತಲೆ ತಿರುಗಿಸಿದರೆ ಬಾಗಿಲು ಪಕ್ಕಕ್ಕೆ ಹೋಯಿತು, ಕುಂಕುಮ ಮಾತ್ರ ಅಲ್ಲೇ ಉಳಿಯಿತು. ಆಮೇಲೆ ನಾನು ಮುಟ್ಟಿದ ಕಲ್ಲಿಗೆಲ್ಲ ಕುಂಕುಮ, ಮರಕ್ಕೆ ಕುಂಕುಮ, ಮೇಯುವ ಕುರಿಗೂ ಕುಂಕುಮ. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನು ಹಾಗೆ ನಕ್ಕಿದ್ದನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ.

ಹೊತ್ತು ಕೆಂಪಗಾಯಿತು. ನಾನು ಕೈ ಬಿಡುವಿಲ್ಲದೆ ಕಟ್ಟಿದೆ. ಕಲ್ಲು ಸಾಲದ ಕಡೆ ಮಣ್ಣು, ಮಣ್ಣಿನ ಮೇಲೆ ಹಲಗೆ, ಹಲಗೆಯ ಮೇಲೆ ಮಾಳಿಗೆ. ಒಲೆಯ ಹೊಗೆ ಎಲ್ಲಿ ಹೋಗಬೇಕು, ಬೆಳಕಿಂಡಿ ಬಿಡು ಎಂದು ಅಮ್ಮ ಹೇಳಿದ್ದಕ್ಕೆ ಮೇಲೆ ಒಂದು ಗಟ್ಟಿಯಷ್ಟು ಜಾಗ ಬಿಟ್ಟೆ. ಒಳಗೆ ಬಂದು ಬಾಗಿಲು ಹಾಕಿ ಗೋಡೆಗೆ ಪಂಜು ಸಿಕ್ಕಿಸಿದೆ. ಇಡೀ ಕೋಣೆ ಬೆಳಗಿತು. ಅಷ್ಟು ಚೆಂದದ ಮನೆಯನ್ನು ನಾನು ಮತ್ತೆ ಎಲ್ಲೂ ನೋಡಿಲ್ಲ. ಹಂಪಿಯ ಕಲ್ಲಿನ ಮಂಟಪಗಳೂ ಆ ಸಂಜೆ ಅದರ ಮುಂದೆ ನನಗೆ ಏನೂ ಅಲ್ಲ.

ನಮ್ಮ ಮನೆಯಲ್ಲೂ ಅದೇ ಹೊತ್ತು. ಅಜ್ಜಿ ಎದ್ದು ಹೋಗಿ ದೇವರ ದೀಪ ಹಚ್ಚಿ, ಹಿತ್ತಲ ಚಿಲಕ ಹಾಕಿ, ಮುಂಬಾಗಿಲು ಪೂರಾ ತೆರೆದು ಬಂದು ಮಣೆಯ ಮೇಲೆ ಕೂತಳು. ಸೊಳ್ಳೆಗಳು ಶುರುವಾದವು. ಪರದೆಯಲ್ಲಿ ಕತ್ತಲು ಕವಿಯಿತು. ಆಗ ಸ್ಪೀಕರಿನಿಂದ ಸದ್ದು ಬಂತು. ದಬ, ದಬ, ದಬ.

"ಯಾರೋ ಬಂದಾರ," ಎಂದಳು ಅಜ್ಜಿ. "ಬಾಗ್ಲಾ ತಗಿ."

"ಅವ್ನು ಕೆಟ್ಟಾವ ಯವ್ವಾ. ತಗದ್ರ ಹೊಡೀತಾನ."

"ನೋಡ್ದ ಹೆಂಗ್ ಹೇಳ್ತಿ? ದೀಪ ಹಚ್ಚೋ ಹೊತ್ತಿಗೆ ಬಂದೋರ್ನ ಹೊರಗ ನಿಲ್ಲಸ್ತಾರೇನು? ತಗಿ ನೀಲಾ."

ನಾನು ತೆಗೆದೆ. ಹುಟ್ಟಿದಾಗಿನಿಂದ ಆ ದನಿಗೆ ಕೈ ತಾನಾಗಿ ಹೋಗುತ್ತಿತ್ತು, ಆವತ್ತೂ ಹೋಯಿತು. ಹಸಿರು ಮುಖದವನು ಎರಡೂ ಕೈ ಚಾಚಿಕೊಂಡು ನೇರ ಒಳಗೆ ಬಂದ. ಒಂದೇಟಿಗೆ ಪರದೆ ಕೆಂಪಾಯಿತು. ಎಷ್ಟು ಜೀವ ಉಳಿದಿದೆ ಎಂದು ತೋರಿಸುವ, ಕೆಳಗಿನ ಕೆಂಪು ಹೃದಯಗಳ ಸಾಲು ಕರಗತೊಡಗಿತು. ಅಮ್ಮ ಚೀರಿದಳು, ಕಾಕಾ ಹೊಡಿ ಹೊಡಿ ಎಂದು ನನ್ನ ಕುರ್ಚಿಯನ್ನೇ ಅಲ್ಲಾಡಿಸಿದ. ನಾನು ಕಣ್ಣು ಮುಚ್ಚಿಕೊಂಡು ಕತ್ತಿ ಬೀಸಿದೆ. ಬೀಸುತ್ತಲೇ ಇದ್ದೆ. ಕಣ್ಣು ತೆರೆದಾಗ ಅವನು ಬಿದ್ದಿದ್ದ, ನನ್ನದು ಒಂದೇ ಒಂದು ಹೃದಯ ಉಳಿದಿತ್ತು. ಬಾಗಿಲು ಎಳೆದು ಹಾಕಿದೆ. ಜೀವ ತುಂಬಿಕೊಳ್ಳಲು, ಮರದಿಂದ ಬಿದ್ದಾಗ ಎತ್ತಿಟ್ಟುಕೊಂಡಿದ್ದ ಸೇಬು ತಿಂದೆ.

ದಬ, ದಬ, ದಬ. ಇನ್ನೊಬ್ಬ.

"ಮತ್ತ್ಯಾರೋ ಬಂದ್ರು," ಎಂದಳು ಅಜ್ಜಿ.

"ಯವ್ವಾ, ಈಗ ತಗದ್ರ ಮುಗೀತು. ಆಟಾನೂ ಹೋತು, ಕಂಪ್ಯೂಟರೂ ಹೋತು," ಎಂದ ಕಾಕಾ.

"ಹೋಗ್ಲಿ. ದೀಪ ಹಚ್ಚೋ ಹೊತ್ತಿಗೆ ಬಾಗ್ಲಾ ಹಾಕಿದ್ದು ಈ ಮನ್ಯಾಗ ನಾ ಕಂಡಿಲ್ಲ. ಅಮಾಸಿ ದಿನ ಬ್ಯಾರೆ. ತಗಿ."

ಕಾಕಾ ಅಪ್ಪನ ಕಡೆ ನೋಡಿದ. ಅಮ್ಮನೂ ನೋಡಿದಳು. ಅಪ್ಪ ನಗುವುದನ್ನು ಯಾವಾಗಲೋ ನಿಲ್ಲಿಸಿದ್ದ. ಮಿಲ್ಲಿನಲ್ಲಿ ಅಷ್ಟು ಮಂದಿಯ ಮೇಲೆ ದನಿ ಎತ್ತುವವನು ತಾಯಿಯ ಮಾತಿಗೆ ಎದುರಾಡಿದ್ದನ್ನು ಯಾರೂ ಕೇಳಿದವರಿಲ್ಲ.

"ನಿಮ್ಮಜ್ಜಿ ಹೇಳಿದಂಗ ಮಾಡವ್ವಾ," ಎಂದ, ಮೆಲ್ಲಗೆ.

ಬಾಗಿಲಲ್ಲಿ ಬಿರುಕು ಕಾಣಿಸಿತು. ನನ್ನ ಕಿವಿ ಬಿಸಿಯಾದವು.

"ಒಲ್ಲೆ," ಎಂದೆ.

"ಏನಂದಿ?"

"ಒಲ್ಲೆ ಅಜ್ಜಿ. ಇದು ಅಪ್ಪನ ಮನಿ ಅಲ್ಲ, ಕೊಟ್ಟ ಮನೀನೂ ಅಲ್ಲ. ನಾ ಕಟ್ಟೀನಿ. ಇದು ನನ್ನ ಮನಿ."

ಹೇಳಿ, ಅವಳ ಮುಖ ನೋಡದೆ, ಬಾಗಿಲ ಹಿಂದೆ ಮಣ್ಣಿನ ಗಟ್ಟಿ ಇಟ್ಟೆ. ಅದರ ಮೇಲೆ ಇನ್ನೊಂದು. ಇಡುವುದಕ್ಕೂ ಬಾಗಿಲು ಒಡೆದು ಬೀಳುವುದಕ್ಕೂ ಸರಿಹೋಯಿತು. ಕುಂಕುಮ ಹಚ್ಚಿಸಿಕೊಂಡ ಬಾಗಿಲು ಹೋಯಿತು, ಮಣ್ಣು ನಿಂತಿತು. ಆಚೆ ಕಡೆ ಅವನ ನರಳಾಟ, ಈಚೆ ಕಡೆ ನಾವು ಐದು ಜನ. ಅಜ್ಜಿ ಮಣೆ ಬಿಟ್ಟು ಏಳಲಿಲ್ಲ. ಅವಳು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಆಮೇಲೆ ಅಮ್ಮ ಕೂಗಿದಳು. ಮೇಲೆ ನೋಡು, ಬೆಳಕಿಂಡಿ. ನೋಡಿದರೆ ಅಲ್ಲಿ ಕೆಂಪು ಕಣ್ಣುಗಳು ಹೊಳೆಯುತ್ತಿದ್ದವು. ಜೇಡ, ಮಂಚದಷ್ಟು ದೊಡ್ಡದು.

"ಮುಚ್ಚು, ಮುಚ್ಚಿಬಿಡು. ಹೊಗಿ ಹಾಳಾಗ್ಲಿ."

ಮುಚ್ಚಿದೆ. ಈಗ ಎಲ್ಲ ಕಡೆಯೂ ಗೋಡೆ, ನಡುವೆ ಒಂದು ಪಂಜು, ಒಂದು ಒಲೆ, ನಾನು. ಕಾಯುವುದೊಂದೇ ಕೆಲಸ. ಅಪ್ಪ ಕುರ್ಚಿ ಬಿಟ್ಟು ನೆಲದ ಮೇಲೆ ನನ್ನ ಎಡಕ್ಕೆ ಬಂದು ಕೂತಿದ್ದ. ಯಾವಾಗ ಬಂದನೋ ಗೊತ್ತಾಗಲಿಲ್ಲ. ಹೊರಗಿನ ಸದ್ದು ಒಮ್ಮೆ ಹತ್ತಿರ ಬರುತ್ತಿತ್ತು, ಒಮ್ಮೆ ದೂರ ಹೋಗುತ್ತಿತ್ತು. ಕರೆಂಟು ಹೋಗದಿರಲಿ ಎಂದು ಕಾಕಾ ಮೇಲೆ ನೋಡಿ ಕೈ ಮುಗಿದ. ತುಂಬ ಹೊತ್ತಿನ ಮೇಲೆ ಅಪ್ಪ ಪರದೆಗೆ ಬೆರಳಿಟ್ಟು ಹೇಳಿದ.

"ಮ್ಯಾಲಿಂದೊಂದು ಗಟ್ಟಿ ತಗದು ನೋಡು. ಬೆಳಕಾಗಿರಬೇಕು."

ತೆಗೆದೆ. ಕಿಂಡಿಯಲ್ಲಿ ನೀಲಿ ಆಕಾಶ ಕಂಡಿತು. ಬಾಗಿಲಿದ್ದ ಕಡೆಯ ಮಣ್ಣು ತೆಗೆದು ಹೊರಗೆ ಬಂದರೆ ಹೊಸ ಬಿಸಿಲಿನಲ್ಲಿ ಹಸಿರು ಮುಖದವರು ಧಗಧಗ ಉರಿಯುತ್ತ ಅತ್ತಿಂದಿತ್ತ ಓಡುತ್ತಿದ್ದರು. ಒಬ್ಬೊಬ್ಬರಾಗಿ ಬಿದ್ದರು. ಗುಡ್ಡದ ಮೇಲೆ ಕುರಿಗಳು, ನನ್ನ ಮನೆ ಮತ್ತು ನಾನು ಉಳಿದೆವು. ಕಾಕಾ ನನ್ನನ್ನು ಕುರ್ಚಿ ಸಮೇತ ಎತ್ತಲು ನೋಡಿದ. ಅಮ್ಮ ಸೆರಗಿನಿಂದ ನನ್ನ ಮುಖದ ಬೆವರು ಒರೆಸಿದಳು, ಬೆಳ್ಳುಳ್ಳಿ ವಾಸನೆ ಘಮ್ಮೆಂದಿತು. ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ಅಪ್ಪ ಎದ್ದು ಪಂಚೆ ಕೊಡವಿಕೊಂಡ.

"ಬಸ್ಯಾ, ಅದನ್ನ ಬಾಗ್ಲ ಕಡೆ ಇಡಬ್ಯಾಡ. ತೌಡಿನ ಧೂಳು ಬಿದ್ದು ಕೆಡ್ತೈತಿ. ಒಳಗ ಗ್ವಾಡಿ ಹಂತ್ಯಾಕ ಇಡು."

ಅಷ್ಟೇ ಹೇಳಿದ. ಕಂಪ್ಯೂಟರ್ ಉಳಿಯಿತು. ನಾನು ಅಜ್ಜಿಯ ಕಡೆ ತಿರುಗಲು ಧೈರ್ಯ ಮಾಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ಮಣೆಯನ್ನು ಇನ್ನಷ್ಟು ಹತ್ತಿರಕ್ಕೆ ಸರಿಸಿಕೊಂಡು, ಮೂಗು ಗಾಜಿಗೆ ತಾಗುವಷ್ಟು ಬಾಗಿ, ಗುಡ್ಡದ ಮೇಲಿನ ಆ ಬಾಗಿಲಿಲ್ಲದ ಮನೆಯನ್ನೇ ನೋಡುತ್ತಿದ್ದಳು.

"ಸಿಟ್ಟು ಬಂತೇನಜ್ಜಿ?"

"ನಾ ಈ ಮನಿಗೆ ಬಂದಾಗ ನಿನ್ನಕಿಂತ ಚೂರು ದೊಡ್ಡಾಕಿ ಇದ್ದೆ," ಎಂದಳು. "ಒಂದಿನಾನೂ ಹಂಗ ಅಂದಿಲ್ಲ ನೋಡು."

"ಹೆಂಗ?"

"ನನ್ನ ಮನಿ ಅಂತ."

ಅಮ್ಮ ಸೆರಗು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು. ಅಪ್ಪ ಒಳಗೆ ಹೊರಟವನು ಹೊಸ್ತಿಲಲ್ಲೇ ನಿಂತ. ಅಜ್ಜಿ ಇಬ್ಬರನ್ನೂ ಗಮನಿಸಲಿಲ್ಲ.

"ಆ ಗುಡ್ಡದ ಮ್ಯಾಲ ಇನ್ನೂ ಜಾಗ ಐತೇನು?"

"ಬೇಕಾದಷ್ಟೈತಿ."

"ಹಂಗಾದ್ರ ನಂದೊಂದು ಕಟ್ಟು. ನನ್ನ ಬಾಗ್ಲಾ ನಾ ತಗದ ಇಡ್ತೀನಿ."

"ತಗದಿಟ್ರ ಸಾಯ್ತಿ ಅಜ್ಜಿ. ಈಗ ನೋಡ್ಲಿಲ್ಲೇನು?"

"ಸತ್ರ ನನ್ನ ಮನ್ಯಾಗ ಸಾಯ್ತೀನಿ. ನೀ ಕಟ್ಟು."